ಚುಕ್ಕೆ ದಾಟಿದ ಮುಳ್ಳು

ಫೆಬ್ರವರಿ 3, ಸಂಜೆ

ಇವತ್ತೂ ಗ್ಲಾಸು ತೊಳೆದೆ. ಬೀಕರ್, ಫ್ಲಾಸ್ಕ್, ಮತ್ತೆ ಬೀಕರ್. ಲ್ಯಾಬ್ ಸೇರಿ ತಿಂಗಳಾಯ್ತು, ನನ್ನ ರಿಸರ್ಚ್ ಇನ್ನೂ ಸಿಂಕ್ ದಾಟಿಲ್ಲ. ಬೇಜಾರಿಲ್ಲ. ಫಸ್ಟ್ ಇಯರ್‌ನಲ್ಲಿ ಲ್ಯಾಬ್ ನಡೆಸೋ ಮೇಡಂ ಒಳಗೆ ಬಿಟ್ಟುಕೊಂಡಿದ್ದು ನನ್ನೊಬ್ಬಳನ್ನೇ. ಯಾಕೆ ನನ್ನನ್ನೇ ಅಂತ ಕೇಳೋಕೆ ಧೈರ್ಯ ಇಲ್ಲ. "ಅಯ್ಯೋ, ನೀನಲ್ಲಮ್ಮಾ, ಇನ್ನೊಬ್ಬಳು" ಅಂದುಬಿಟ್ರೆ?

ಕೈ ಒರೆಸ್ಕೋತಿದ್ದೆ. ಅಕ್ಕ ಕರೆದಳು. ಅಕ್ಕ ಅಂದ್ರೆ ಲ್ಯಾಬಿನ ಅಕ್ಕ — ಪಿಎಚ್‌ಡಿ ಕೊನೇ ವರ್ಷ, ಯಾವಾಗಲೂ ಕಿವಿಗೆ ಹೆಡ್‌ಫೋನ್, ಎದುರಿಗೆ ಮುಗಿಯದ ಥೀಸಿಸ್.

"ಮರೀ, ಇನ್ಮೇಲೆ ರಿಗ್ ನೀನೇ ಓಡಿಸು. ನಾನು ಪಕ್ಕದ ಟೇಬಲಲ್ಲೇ ಇರ್ತೀನಿ."

"ನಾನಾ?"

"ಇಲ್ಲ, ನಿನ್ನ ಹಿಂದೆ ನಿಂತಿರೋ ಬೀಕರ್."

ರಿಗ್ ನೋಡೋಕೆ ಏನೂ ಇಲ್ಲ. ಒಂದು ದಪ್ಪ ಸ್ಟೀಲ್ ಕೊಳವೆ. ಒಳಗೆ ಟಾರ್ಚ್ ಸೆಲ್ಲಿನಷ್ಟು ಕಲ್ಲು — ನಿಜವಾದ ಎಣ್ಣೆ ಬಾವಿಯ ಆಳದಿಂದ ಕೊರೆದು ತೆಗೆದಿದ್ದು. ಈ ತುದೀಲಿ ಪಂಪು, ಗ್ಯಾಸ್ ಸಿಲಿಂಡರು, ಮುಳ್ಳಿನ ಗೇಜು. ಆ ತುದೀಲಿ ಗಾಜಿನ ಟ್ಯೂಬು. ಕಲ್ಲಿಗೆ ಎಣ್ಣೆ ಕುಡಿಸೋದು, ನೀರಿಂದ ತಳ್ಳೋದು. ಸ್ವಲ್ಪ ಎಣ್ಣೆ ಬರುತ್ತೆ, ಆಮೇಲೆ ಬರೀ ನೀರು. ಉಳಿದ ಎಣ್ಣೆ ಒಳಗೇ ಚಿಲಕ ಹಾಕ್ಕೊಂಡು ಕೂತಿರುತ್ತೆ. ಅದನ್ನ ಹೊರಗೆ ತರೋಕೆ ಕಾರ್ಬನ್ ಡೈಆಕ್ಸೈಡ್ ಬಿಡೋದು. ಆದರೆ ಗ್ಯಾಸ್ ಮಹಾ ಸೋಮಾರಿ. ಕಲ್ಲಿನೊಳಗೆ ಅಗಲವಾದ ದಾರಿ ಎಲ್ಲಿದೆ ನೋಡಿ, ಸುಯ್ಯಂತ ಆ ಕಡೆ ಹೋಗಿಬಿಡುತ್ತೆ. ಎಣ್ಣೆಯನ್ನ ಮಾತಾಡಿಸೋದೂ ಇಲ್ಲ.

ಅದಕ್ಕೇ ನೊರೆ. ಸೋಪಿನಂಥ ದ್ರವವನ್ನ ಗ್ಯಾಸ್ ಜೊತೆ ಬಿಟ್ರೆ ಒಳಗೆ ನೊರೆ ಏಳುತ್ತೆ, ಅಗಲ ದಾರಿಗೆ ಅಡ್ಡ ನಿಲ್ಲುತ್ತೆ. ಗ್ಯಾಸ್ ಬೇರೆ ಗತಿಯಿಲ್ಲದೆ ಸಂದಿಗೊಂದಿಗೆ ನುಗ್ಗಬೇಕು. ಎಣ್ಣೆ ಇರೋದೇ ಅಲ್ಲಿ.

ಮಾರ್ಚ್ ಹತ್ತಕ್ಕೆ ಬಾವಿ ಸರ್ ಬರ್ತಾರಂತೆ — ಬಾವಿಗಳನ್ನ ನೋಡ್ಕೊಳ್ಳೋ ಇಂಜಿನಿಯರ್ರು. ಅವರಿಗೆ ನೊರೆ ಮೇಲೆ ನಂಬಿಕೆ ಇಲ್ಲ. ನಾವು ತೋರಿಸಿದ್ರೆ ಒಂದು ಬಾವೀಲಿ ಟ್ರೈ ಮಾಡ್ತಾರೆ. ಇಲ್ಲಾಂದ್ರೆ ನೊರೆ ಪ್ರಯೋಗದ ಈ ಬೆಂಚನ್ನೇ ಬಿಚ್ಚಿಡೋದು. ಬೆಂಚ್ ಹೋದ್ರೆ ನನ್ನ ಕುರ್ಚಿಯೂ ಹೋಯ್ತು. ಇದನ್ನ ಅಕ್ಕ ಹೇಳಲಿಲ್ಲ. ಹೇಳೋದೇನು, ಲೆಕ್ಕ ನನಗೇ ಬರುತ್ತೆ.

ಫೆಬ್ರವರಿ 5

ಗೇಜಿನಲ್ಲಿ ಕೆಂಪು ಗೆರೆ ಇದೆ. ಅಲ್ಲಿಗೆ ಹೋದ್ರೆ ಸೇಫ್ಟಿ ವಾಲ್ವ್ ತಾನಾಗೇ ತೆಗೆಯುತ್ತೆ. ಕೆಂಪು ಗೆರೆ ತುಂಬಾ ದೂರ. ಅಷ್ಟು ದೂರದ ತನಕ ನನ್ನ ಜೀವ ತಡೆಯಲ್ಲ. ಅದಕ್ಕೆ, ಸುಮಾರು ಕಾಲು ಭಾಗ ದೂರಕ್ಕೇ ಒಂದು ಚುಕ್ಕೆ ಇಟ್ಟೆ. ಗಾಜಿನ ಮೇಲೆ, ನೇಲ್ ಪಾಲಿಶ್‌ನಲ್ಲಿ, ಸಾಸಿವೆ ಗಾತ್ರ. ನನ್ನ ಸಮಾಧಾನಕ್ಕೆ.

ಪಾಲಿಶ್ ರೇಡಿಯೋದು. ರೇಡಿಯೋ ಅಂದ್ರೆ ನನ್ನ ರೂಮ್‌ಮೇಟ್. ನಿದ್ದೇಲೂ ಆಫ್ ಆಗಲ್ಲ.

"ಎಣ್ಣೆ ಡಿಪಾರ್ಟ್‌ಮೆಂಟಿಗೆ ಮೇಕಪ್ ಬೇರೆ ಕೇಡು! ಇನ್ನು ಬಳೆ, ಓಲೆ?"

"ಎಣ್ಣೆ ಡಿಪಾರ್ಟ್‌ಮೆಂಟ್ ಅನ್ನಬೇಡ ಕಣೇ, ಕಾರಿಡಾರಲ್ಲಿ ಎಲ್ಲ ತಪ್ಪು ತಿಳ್ಕೋತಾರೆ."

"ತಿಳ್ಕೊಳ್ಳಲಿ ಬಿಡು, ಹಾಗಾದ್ರೂ ನಾಲ್ಕು ಜನ ಮಾತಾಡಿಸ್ತಾರೆ ನಿನ್ನ."

ಫೆಬ್ರವರಿ 6

ಕೆಟ್ಟ ದಿನ.

ನೀರು ತಳ್ಳಿದ್ದಾಯ್ತು. ಎಣ್ಣೆ ಬರೋದು ನಿಂತಿತು. ಸೋಪ್ ದ್ರವ, ಗ್ಯಾಸ್, ಎರಡನ್ನೂ ಬಿಟ್ಟೆ. ಮುಳ್ಳು ಸುಮ್ಮನೆ ಇತ್ತು. ಇತ್ತು, ಇತ್ತು... ಆಮೇಲೆ ಏಳೋಕೆ ಶುರು. ನಿಧಾನಕ್ಕೆ. ಹಾಸಿಗೆಯಿಂದ ಏಳೋ ಥರ. ಮುಳ್ಳು ಚುಕ್ಕೆ ಮುಟ್ಟಿದ್ದೇ ಗ್ಯಾಸ್ ಬಂದ್ ಮಾಡ್ಬಿಟ್ಟೆ.

"ಅಕ್ಕಾ, ಕಟ್ಕೊಂಡುಬಿಡ್ತು!"

ಅಕ್ಕ ಹೆಡ್‌ಫೋನ್ ತೆಗೆಯೋ ಹೊತ್ತಿಗೆ ಮುಳ್ಳು ವಾಪಸ್ ಮಲಗಿತ್ತು. ಹೋದ ವರ್ಷ ಎರಡು ಕಲ್ಲು ಹೀಗೇ ಜೇಡಿ ಕಟ್ಕೊಂಡು ಹಾಳಾಗಿದ್ವಂತೆ. "ಇದೂ ಹೋಯ್ತಾ, ದರಿದ್ರ ಕಲ್ಲು" ಅಂದಳು. ನನ್ನನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಫೆಬ್ರವರಿ 11

ಇನ್ನೊಂದು ಕಲ್ಲು. ಅದೇ ಕಥೆ. ಎದ್ದಿತು, ಚುಕ್ಕೆಗೆ ಬಂತು, ಬಂದ್ ಮಾಡಿದೆ. ಈ ಸಲ ಮೇಡಂ ಬಂದು ನಿಂತರು. ಅವರು ಕೂಗಾಡಲ್ಲ. ಕನ್ನಡಕದ ಮೇಲಿಂದ ನೋಡ್ತಾರೆ, ಅಷ್ಟೇ.

"ಎಷ್ಟಕ್ಕೆ ಏರಿತ್ತು?"

"ತುಂಬಾ, ಮೇಡಂ."

"ತುಂಬಾ ಅನ್ನೋದು ಯಾವ ಯೂನಿಟ್ಟಮ್ಮಾ?"

ಗೇಜು ಓದಿ ಬರ್ಕೊಂಡಿರಲೇ ಇಲ್ಲ. ಓದೋಕೆ ಪುರುಸೊತ್ತು ಎಲ್ಲಿತ್ತು, ಕೈ ಮೊದಲೇ ವಾಲ್ವ್ ಮೇಲಿತ್ತು.

ಎರಡೂ ಕಲ್ಲು ಈಗ ಮೂಲೆಯ ಟ್ರೇನಲ್ಲಿವೆ. ಟ್ರೇ ಮೇಲೆ ಯಾರೋ "ಸ್ವರ್ಗಸ್ಥರು" ಅಂತ ಬರೆದಿದ್ದಾರೆ.

ಫೆಬ್ರವರಿ 20

ಇಷ್ಟು ದಿನ ಬರೆಯಲಿಲ್ಲ. ಬರೆಯೋಕೆ ಏನಿತ್ತು. ಕ್ಲಾಸು, ಮೆಸ್ಸು, ಸಿಂಕು.

ಅಮ್ಮನ ಫೋನ್.

"ಹೇಗಿದೀಯ? ಸರಿಯಾಗಿ ತಿಂತಿದೀಯ?"

"ಹೂಂ. ಅಮ್ಮಾ, ಲ್ಯಾಬಲ್ಲಿ ಸ್ವಲ್ಪ..."

"ಶ್! ಅಪ್ಪ ಪಕ್ಕದಲ್ಲೇ ಇದ್ದಾರೆ. ಆಮೇಲೆ ಹೇಳುವಂತೆ. ಪ್ರೆಷರ್ ಏರಿಬಿಡುತ್ತೆ."

ನಮ್ಮನೇಲಿ ಪ್ರೆಷರ್ ಅಂದ್ರೆ ಅಪ್ಪ. ನಾನು ಚಿಕ್ಕವಳಿದ್ದಾಗ ಒಮ್ಮೆ ಏರಿ, ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ರು. ಅವತ್ತಿಂದ ಬಾಗಿಲು ಧಡ್ ಅನ್ನೋ ಹಾಗಿಲ್ಲ. ಮಾರ್ಕ್ಸ್ ಕಾರ್ಡ್ ಮಾತ್ರೆ ನುಂಗಿಸಿದ ಮೇಲೇ ತೋರಿಸೋದು. ಕುಕ್ಕರ್ ಕೂಡ ನಮ್ಮನೇಲಿ ಅಂಜಿ ಅಂಜಿ ಕೂಗುತ್ತೆ, ಅಮ್ಮ ಓಡಿ ಬಂದು ಆಫ್ ಮಾಡ್ತಾಳೆ. ಸ್ಕೂಲ್ ದಿನಗಳಲ್ಲೇ ನನ್ನನ್ನ ಹಾಸ್ಟೆಲಿಗೆ ಹಾಕಿದ್ದು ಒಳ್ಳೇ ಸ್ಕೂಲು ಅಂತ. ಮನೆಯಲ್ಲಿ ಸದ್ದು ಕಮ್ಮಿ ಆಗಲಿ ಅಂತಾನೂ ಇರಬೇಕು... ಯಾರೂ ಹೇಳಿಲ್ಲ. ನಾನೂ ಕೇಳಿಲ್ಲ.

ಏರೋದು ಅಂದ್ರೆ ಕೆಟ್ಟದ್ದು. ಏರಿದ್ರೆ ಯಾರದೋ ತಪ್ಪು. ಸಾಮಾನ್ಯವಾಗಿ ನಂದು.

ಫೆಬ್ರವರಿ 23

ಮೀಟಿಂಗ್. ಮೇಡಂ ಬೋರ್ಡ್ ಮೇಲೆ ಬರೆದಿದ್ದ "ನೊರೆ" ಸುತ್ತ ಗೆರೆ ಎಳೆದರು. ಆಮೇಲೆ ಅದರ ಮೇಲೇ ಒಂದು ಗೆರೆ.

"ಈ ಕಲ್ಲಿಗೆ ನೊರೆ ಒಗ್ತಿಲ್ಲ. ಬಾವಿ ಸರ್‌ಗೆ ನಾನೇ ಹೇಳ್ತೀನಿ, ಬರೋದು ಬೇಡ ಅಂತ. ಮುಂದಿನ ವಾರ ಬೆಂಚ್ ಬಿಚ್ಚೋಣ."

ಅಕ್ಕನ ಥೀಸಿಸ್‌ನ ಒಂದು ಅಧ್ಯಾಯ ಹೋಯ್ತು. ಅವಳು ಪೆನ್ನಿನ ಮುಚ್ಚಳ ಕಡೀತಾ ಕೂತಿದ್ದಳು.

ಮೇಡಂ ನನಗೆ ಹೇಳಿದ್ದು ಒಂದೇ — "ಆ ಎರಡು ಕಲ್ಲು ತೊಳೆದು ಡಬ್ಬಿಗೆ ಹಾಕಿಡಮ್ಮಾ. ಆಮೇಲೆ ಪರೀಕ್ಷೆಗೆ ಓದ್ಕೋ."

ಓದ್ಕೋ ಅಂದ್ರೆ ಹೊರಡು ಅಂತ. ಅಷ್ಟು ಕನ್ನಡ ನನಗೂ ಬರುತ್ತೆ.

ಫೆಬ್ರವರಿ 25, ಮಧ್ಯಾಹ್ನ

ಬೆಳಿಗ್ಗೆ ಹಾಸ್ಟೆಲಲ್ಲಿ ದೊಡ್ಡ ತಮಾಷೆ. ವಾರ್ಡನ್ ಆಂಟಿಯ ಹೊಸ ಸ್ಟೀಲ್ ಬೀರು ದೊಡ್ಡ ಮೆಟ್ಟಿಲಲ್ಲಿ ಸಿಕ್ಕಿಹಾಕ್ಕೊಳ್ತು. ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಕ್ಲಾಸಿಗೆ ಹೊತ್ತಾದ ನಾವೆಲ್ಲ ಹಿಂದಿನ ಇಕ್ಕಟ್ಟು ಮೆಟ್ಟಿಲಿಗೆ ನುಗ್ಗಿದ್ವಿ. ಆ ಕಡೆ ರೂಮಿನವರು ಇಡೀ ವರ್ಷ ಒಂಬತ್ತಕ್ಕೆ ಏಳೋರು, ನಮ್ಮ ಗಲಾಟೆಗೆ ಕೂದಲು ಕೆದರ್ಕೊಂಡು ಹೊರಗೆ ಬಂದು ಬೈದಿದ್ದೇ ಬೈದಿದ್ದು. ರೇಡಿಯೋ ಬಗ್ಗಿ ನಮಸ್ಕಾರ ಮಾಡಿದಳು, "ಗುಡ್ ಮಾರ್ನಿಂಗ್, ಕುಂಭಕರ್ಣರೇ!"

ನಗ್ತಾನೇ ಲ್ಯಾಬಿಗೆ ಬಂದೆ. ಸತ್ತ ಕಲ್ಲು ತೊಳೆಯೋಕೆ.

ತೊಳೆಯೋದು ಅಂದ್ರೆ ಕೊಳವೇಲೇ ಇಟ್ಟು ಒಳಗೆ ಆಲ್ಕೋಹಾಲ್ ಹರಿಸೋದು, ಆಮೇಲೆ ನೀರು. ಪಂಪ್ ಹಾಕಿದೆ. ತಡೆಯುತ್ತೆ, ಒಂದು ದಿನ ಹಿಡಿಯುತ್ತೆ ಅಂತ ಕುರ್ಚಿ ಎಳ್ಕೊಂಡೆ. ಕೂರೋಕೂ ಬಿಡಲಿಲ್ಲ. ಆ ತುದೀಲಿ ತೊಟ್ಟು ತೊಟ್ಟು, ಆಮೇಲೆ ಧಾರೆ. ನೀರು ಬಿಟ್ಟೆ. ಅದೂ ಹಾಗೇ, ಸಲೀಸಾಗಿ. ಇದೇ ಕಲ್ಲು ಬಂದ ದಿನ ಅಕ್ಕ ನೀರು ಹರಿಸಿ ನೋಡಿದ್ದಳು, ಆವತ್ತು ಎಷ್ಟು ಆರಾಮಾಗಿ ಹರಿದಿತ್ತೋ ಇವತ್ತೂ ಅಷ್ಟೇ.

ಇನ್ನೊಂದು ಕಲ್ಲು ಹಾಕಿದೆ. ಅದೂ.

ಜೇಡಿ ಕಟ್ಕೊಂಡಿದ್ರೆ ನೀರು ಹೇಗೆ ಹೋಗುತ್ತೆ?

ಹಾಗಾದ್ರೆ ಅವತ್ತು ಏನು ಅಡ್ಡ ನಿಂತಿತ್ತು?

ಬೀರು.

ಅಯ್ಯೋ ದೇವರೇ. ನೊರೆ! ನೊರೆಯೇ ಅಡ್ಡ ನಿಂತಿದ್ದು. ಆಲ್ಕೋಹಾಲ್ ಸೋಕಿದ್ದೇ ನೊರೆ ಕರಗಿದೆ, ದಾರಿ ಬಿಟ್ಟಿದೆ. ಮುಳ್ಳು ಎದ್ದಿದ್ದು ಕಲ್ಲು ಹಾಳಾಗಿ ಅಲ್ಲ, ನಮ್ಮ ಕೆಲಸ ಆಗ್ತಿತ್ತು ಅಂತ! ಇದನ್ನ ಯಾರಾದ್ರೂ ಪರೀಕ್ಷೇಲಿ ಕೇಳಿದ್ರೆ ಎರಡು ಪುಟ ಬರೀತಿದ್ದೆ — ನೊರೆ ಎದ್ದರೆ ಒತ್ತಡ ಏರುತ್ತೆ. ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಎರಡು ಸಲ ನೊರೆ ಎದ್ದು ನಿಲ್ತಿದ್ದ ಹಾಗೇ ನಾನು ಹೋಗಿ ಕುತ್ತಿಗೆ ಹಿಸುಕಿದೀನಿ.

ಇದೇನು, ಖುಷಿಯಾ, ಭಯವಾ. ಎರಡೂ ಒಂದೇ ಜಾಗದಲ್ಲಿ ಇರುತ್ತೆ ನನಗೆ.

ಹೇಳಬೇಕು. ಮೇಡಂ ರೂಮಿನ ಬಾಗಿಲ ತನಕ ಹೋದೆ. ಬಂದೆ. ಹೋದೆ. ಬಂದೆ.

ಫೆಬ್ರವರಿ 26

ಹೇಳಿದೆ!

ಒಳಗೆ ಹೋಗಿ, ಮೊದಲು ತಪ್ಪು ವಾಕ್ಯ ಬಂತು. "ಮೇಡಂ, ಬೀರು ಸಿಕ್ಕಿಹಾಕ್ಕೊಂಡಿತ್ತು." ಅವರು ಪೆನ್ ಕೆಳಗಿಟ್ಟರು. ಆಮೇಲೆ ಎಲ್ಲ ಒಂದೇ ಉಸಿರಿಗೆ — ಆಲ್ಕೋಹಾಲ್, ನೀರು, ಧಾರೆ, ಚುಕ್ಕೆ. ಮೇಡಂ ಎದ್ದರು. ಸೀದಾ ರಿಗ್ ಹತ್ತಿರ ನಡೆದರು. ಬಗ್ಗಿ ಗೇಜು ನೋಡಿದರು.

"ಈ ಚುಕ್ಕೆ ಯಾರಿಟ್ಟಿದ್ದು?"

"ನಾನೇ, ಮೇಡಂ. ನೇಲ್ ಪಾಲಿಶ್."

"ಇಲ್ಲಿಗೆ ಬಂದಾಗ ಬಂದ್ ಮಾಡಿದ್ದಾ? ಇಲ್ಲಿಗೆ? ಎರಡು ಸಲವೂ?"

"ಹೂಂ ಮೇಡಂ."

ಅಕ್ಕ ತಲೆ ಮೇಲೆ ಕೈ ಹೊತ್ಕೊಂಡಳು. "ನನ್ನ ಅಧ್ಯಾಯ ನುಂಗಿದ್ದು ಒಂದು ನೇಲ್ ಪಾಲಿಶಾ!"

ಮುಗೀತು ಅಂದ್ಕೊಂಡೆ. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸ್ತಾ ನಿಂತಿದ್ರು. ಭುಜ ಕುಲುಕ್ತಿತ್ತು. ನಗ್ತಿದ್ರು!

"ಬಣ್ಣ ಚೆನ್ನಾಗಿದೆ ಕಣಮ್ಮಾ. ಅಳಿಸು. ಕಲ್ಲು ತೊಳೆದು ನೋಡಿ ಯೋಚನೆ ಮಾಡಿದೀಯಲ್ಲ, ಅದು ಇಲ್ಲಿ ಯಾರೂ ಮಾಡಿರಲಿಲ್ಲ. ಬಾವಿ ಸರ್ ಬರಲಿ. ಮೊದಲು ನಾವು ನೋಡೋಣ."

ಅಸಿಟೋನ್ ಹತ್ತೀಲಿ ಒರೆಸಿದೆ. ಸ್ವಲ್ಪ ಗುಲಾಬಿ ಕಲೆ ಉಳೀತು. ಇರಲಿ.

ಮಾರ್ಚ್ 2

ಆಯ್ತು ಆಯ್ತು ಆಯ್ತು!!

ಅಕ್ಷರ ಸೊಟ್ಟ. ಸರಿಯಾಗಿ ಬರೀತೀನಿ.

ಟ್ರೇಯಿಂದ ಎಬ್ಬಿಸಿದ ಅದೇ ಕಲ್ಲು. ಸ್ವರ್ಗಸ್ಥ ನಂಬರ್ ಒನ್. ಎಣ್ಣೆ ಕುಡಿಸಿ, ನೀರು ತಳ್ಳಿ, ಎಣ್ಣೆ ನಿಂತ ಮೇಲೆ ಸೋಪ್ ದ್ರವ, ಗ್ಯಾಸ್. ಅಕ್ಕ ಇವತ್ತು ಹೆಡ್‌ಫೋನ್ ಹಾಕಲಿಲ್ಲ, ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಳು.

ಮುಳ್ಳು ಎದ್ದಿತು.

ನನ್ನ ಬಲಗೈ ತಾನಾಗೇ ವಾಲ್ವ್ ಕಡೆ ಹೊರಟಿತು. ಅಕ್ಕ ಒಂದು ಏಟು ಕೊಟ್ಟಳು. "ಕೈ ಅಡಿಗೆ ಇಟ್ಕೋ!" ಎರಡೂ ಕೈ ತೊಡೆ ಅಡಿಗೆ ಇಟ್ಕೊಂಡು ಅದರ ಮೇಲೆ ಕೂತೆ. ಚಿಕ್ಕ ಮಕ್ಕಳ ಥರ. ಗುಲಾಬಿ ಕಲೆ ಬಂತು. ದಾಟ್ತು. ಈಗ ಎಲ್ಲೋ ಬಾಗಿಲು ಧಡ್ ಅನ್ನುತ್ತೆ, ಯಾರೋ ಬೀಳ್ತಾರೆ, ಯಾರೋ "ನೋಡು, ನಿನ್ನಿಂದ" ಅಂತಾರೆ... ಯಾರೂ ಅನ್ನಲಿಲ್ಲ. ಮುಳ್ಳು ಏರ್ತಾನೇ ಹೋಯ್ತು. ಕಲೆಯ ಎರಡು ಪಟ್ಟು, ಇನ್ನೂ ಸ್ವಲ್ಪ. ಆಮೇಲೆ ಕೆಂಪು ಗೆರೆ ಎಷ್ಟೋ ದೂರ ಇರೋವಾಗಲೇ ನಿಂತಿತು. ಆರಾಮಾಗಿ. ಅಲ್ಲೇ ಅದರ ಮನೆ ಅನ್ನೋ ಹಾಗೆ.

ಟ್ಯೂಬ್ ಕಡೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತ್ವಿ. ನೀರು. ನೀರು. ನೀರು. ಊಟದ ಹೊತ್ತು ಮೀರಿತು. ನೀರು.

ಆಮೇಲೆ ಒಂದು ಕಂದು ಎಳೆ. ಕೂದಲಿನಷ್ಟು.

"ಅಕ್ಕಾ..."

"ಶ್. ಮಾತಾಡಬೇಡ. ಓಡಿಹೋಗುತ್ತೆ."

ಆಮೇಲೆ ಒಂದು ಹನಿ. ಕಪ್ಪಗೆ, ದುಂಡಗೆ. ನೀರಿನ ಮೇಲೆ ತೇಲಿ ಕೂತಿತು. ಇನ್ನೊಂದು. ಆಮೇಲೆ ಸಾಲಾಗಿ, ಒಂದರ ಹಿಂದೆ ಒಂದು, ಚಿಲಕ ತೆಗೆದು ಹೊರಗೆ ಬಂದ ಕುಂಭಕರ್ಣರು. ಅಕ್ಕ ಕಿರುಚಿದಳು. ಮೇಡಂ ಓಡಿ ಬಂದರು. ಓಡಿದ್ದನ್ನ ಈ ಬಿಲ್ಡಿಂಗ್ ಮೊದಲ ಸಲ ನೋಡಿರಬೇಕು.

ಸಂಜೆ ಹೊತ್ತಿಗೆ ಲೆಕ್ಕ ಹಾಕಿದ್ವಿ. ನೀರು ಬಿಟ್ಟುಹೋಗಿದ್ದ ಎಣ್ಣೇಲಿ ಅರ್ಧಕ್ಕಿಂತ ಜಾಸ್ತಿ ಹೊರಗೆ. ಮೇಡಂ ಟ್ಯೂಬನ್ನ ಬೆಳಕಿಗೆ ಹಿಡಿದು, "ಎಷ್ಟಕ್ಕೆ ಏರಿತ್ತು?" ಅಂದರು. ನಂಬರ್ ಹೇಳಿದೆ. ಯೂನಿಟ್ ಸಮೇತ.

ಕೈ ಎರಡೂ ಜೋಮು.

ಮಾರ್ಚ್ 3

ಮನೆಗೆ ಫೋನ್ ಮಾಡಿದೆ. ಅಪ್ಪನೇ ಎತ್ತಿದರು. ಸಾಮಾನ್ಯವಾಗಿ "ಅಮ್ಮನಿಗೆ ಕೊಡ್ತೀನಿ" ಅಂತಾರೆ, ನಾನೂ "ಹೂಂ" ಅಂತೀನಿ. ಇವತ್ತು ಬಾಯಿ ತಡೀಲಿಲ್ಲ.

"ಅಪ್ಪಾ, ಪ್ರೆಷರ್ ಏರ್ತು!"

ಆ ಕಡೆ ಕುರ್ಚಿ ಸರಿದ ಸದ್ದು. "ಯಾರಿಗೆ? ನಿನಗಾ? ಈ ವಯಸ್ಸಿಗೆ?"

"ಅಯ್ಯೋ, ಕಲ್ಲಿಗಪ್ಪಾ!"

ಎಲ್ಲ ಹೇಳಿದೆ. ನೊರೆ, ಬೀರು, ಚುಕ್ಕೆ. ಚುಕ್ಕೆ ಯಾಕೆ ಇಟ್ಟೆ ಅನ್ನೋದನ್ನ ಮಾತ್ರ ಪೂರ್ತಿ ಹೇಳಲಿಲ್ಲ. ಅಪ್ಪನಿಗೆ ಹೇಗೋ ತಿಳೀತು.

"ನಮ್ಮನೇಲಿ ಎಲ್ಲರೂ ನನ್ನ ಮೇಲೆ ಒಂದು ಚುಕ್ಕೆ ಇಟ್ಟಿದ್ದೀರಿ, ಅಲ್ವಾ ಮಗಳೇ?"

ಫೋನನ್ನ ಇನ್ನೊಂದು ಕಿವಿಗೆ ಇಟ್ಕೊಂಡೆ. ಅಪ್ಪನೇ ಮುಂದುವರಿಸಿದ್ರು.

"ಸರಿ, ಆಮೇಲೆ? ಎಲ್ಲಿ ತನಕ ಏರ್ತು? ಕೆಂಪು ಗೆರೆಗೆ ಹೋಯ್ತಾ? ಎಣ್ಣೆ ಯಾವಾಗ ಬಂತು?" ದನಿ ಎತ್ತರಕ್ಕೆ ಹೋಯ್ತು, ಮ್ಯಾಚ್ ನೋಡೋರ ಹಾಗೆ. ಹಿಂದೆ ಅಮ್ಮನ ಕೂಗು — "ರೀ! ಮೆಲ್ಲಗೆ! ನಿಮ್ಮ ಪ್ರೆಷರ್!"

"ಏರಲಿ ಬಿಡೇ! ಮಗಳ ಎಣ್ಣೆ ಬಂದಿದೆ!"

ಪಕ್ಕದ ಮನೆಯವರು ಏನು ತಿಳ್ಕೊಂಡ್ರೋ.

ನಮ್ಮಪ್ಪ ಅಷ್ಟು ಜೋರಾಗಿ ನಗ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಅಮ್ಮ ಅಪ್ಪನ ಪ್ರೆಷರ್ ಅಳತೆ ಮಾಡಿ ಮೆಸೇಜ್ ಹಾಕಿದಳು. ನಾರ್ಮಲ್ಲು.

ಮಾರ್ಚ್ 9

ನಾಳೆ. ಒಂದು ಸಲ ಆದ್ರೆ ಅದೃಷ್ಟ, ಅವರೆದುರಿಗೆ ಇನ್ನೊಂದು ಸಲ ಆಗಬೇಕು, ಅಂತ ಮೇಡಂ. ಸ್ವರ್ಗಸ್ಥ ನಂಬರ್ ಟೂ ರೆಡಿ. ರಿಗ್ ಅಕ್ಕ ಓಡಿಸ್ತಾಳೆ ಅಂದ್ಕೊಂಡಿದ್ದೆ. "ನಾನ್ಯಾಕೆ? ನನಗೆ ಥೀಸಿಸ್ ಇದೆ" ಅಂದಳು. ಅಧ್ಯಾಯ ವಾಪಸ್ ಬಂದಿದೆಯಲ್ಲ, ಜಂಭ.

ಮತ್ತೆ ಅದೇ ಭಯ. ಇರಲಿ, ಅಡ್ಡ ನಿಂತಿದೆ ಅಷ್ಟೇ.

ಮಾರ್ಚ್ 10, ಸಂಜೆ

ಬಾವಿ ಸರ್ ದೊಡ್ಡ ಆಳು. ಬೂಟಿನ ತುಂಬ ಕೆಂಪು ಧೂಳು. ಇಡೀ ಜೀವಮಾನ ಬಾವಿ ಹತ್ತಿರ ಕಳೆದೋರು, ಲ್ಯಾಬಿನ ಬಿಳಿ ನೆಲದ ಮೇಲೆ ಕಾಲಿಡೋಕೂ ಸಂಕೋಚ.

"ಓಡಿಸೋರು ಯಾರು?"

"ಇವಳೇ, ನಮ್ಮ ಹುಡುಗಿ" ಅಂದರು ಮೇಡಂ. ನಮ್ಮ ಹುಡುಗಿ! ಇನ್ನೊಬ್ಬಳಲ್ಲ, ನಾನೇ.

ಗ್ಯಾಸ್ ಬಿಟ್ಟೆ. ಸರ್ ನನ್ನ ಪಕ್ಕದ ಸ್ಟೂಲಲ್ಲಿ ಕೂತ್ಕೊಂಡು ಗೇಜನ್ನೇ ನೋಡ್ತಿದ್ರು. ಮುಳ್ಳು ಎದ್ದಿತು. ಅವರ ಮುಖದ ಬಣ್ಣ ಬದಲಾಯ್ತು. ಗುಲಾಬಿ ಕಲೆ ಹತ್ತಿರ ಬಂತು...

"ಏಯ್, ಏರ್ತಿದೆ! ನಿಲ್ಲಿಸಮ್ಮಾ, ನಿಲ್ಲಿಸು!" ಅವರ ಕೈ ಸೀದಾ ವಾಲ್ವ್ ಕಡೆ.

"ಕೈ ಅಡಿಗೆ ಇಟ್ಕೊಳ್ಳಿ ಸರ್!"

ನನ್ನ ಬಾಯಿಂದಲೇ ಬಂದಿದ್ದು. ಅಷ್ಟು ಜೋರಾಗಿ. ಅಕ್ಕನ ಕಣ್ಣು ಇಷ್ಟಗಲ. ಸತ್ತೆ ಅಂದ್ಕೊಂಡೆ. ಆದರೆ ಸೋಲಲಿಲ್ಲ, ಮೆತ್ತಗೆ ಹೇಳಿದೆ, "ತೊಡೆ ಅಡಿಗೆ, ಸರ್. ಇಲ್ಲಾಂದ್ರೆ ತಡೆಯೋಕಾಗಲ್ಲ. ನನಗೂ ಹಾಗೇ ಆಗ್ತಿತ್ತು. ಕೆಂಪು ಗೆರೆ ಇನ್ನೂ ದೂರ ಇದೆ. ಏರೋದೇ ನಮಗೆ ಬೇಕಾಗಿರೋದು."

ಬಾವಿ ಸರ್ ನನ್ನನ್ನ ನೋಡಿದ್ರು, ಮೇಡಂನ ನೋಡಿದ್ರು. ಆಮೇಲೆ ಅಷ್ಟು ದೊಡ್ಡ ಕೈ ಎರಡನ್ನೂ ತೊಡೆ ಅಡಿಗೆ ಇಟ್ಕೊಂಡು ಕೂತರು. ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ. ನಾನು ಇಟ್ಕೊಳ್ಳಲಿಲ್ಲ. ನನ್ನ ಬಲಗೈಲಿ ಪೆನ್ ಇತ್ತು. ಎಷ್ಟಕ್ಕೆ ಏರ್ತಿದೆ ಅಂತ ಬರ್ಕೋತಿದ್ದೆ.

ಎಣ್ಣೆ ಬಂತು. ಮೊದಲ ಸಲಕ್ಕಿಂತ ಬೇಗ, ಸ್ವಲ್ಪ ಜಾಸ್ತಿಯೇ. ಸರ್ ಎದ್ದು ಟ್ಯೂಬಿನ ಹತ್ತಿರ ಬಗ್ಗಿ ತುಂಬಾ ಹೊತ್ತು ನಿಂತರು. ಒಂದೇ ಮಾತು. "ಒಂದು ಬಾವಿ ಕೊಡ್ತೀನಿ. ನೊರೆ ಹಾಕಿ." ಬಾಗಿಲ ಹತ್ತಿರ ಹೋದವರು ತಿರುಗಿದರು. "ಆ ಕೂಗೋ ಹುಡುಗೀನೂ ಕರ್ಕೊಂಡು ಬನ್ನಿ. ನಮ್ಮ ಹುಡುಗರೆಲ್ಲ ಮುಳ್ಳು ಎದ್ದರೆ ವಾಲ್ವ್ ಹತ್ತಿರ ಓಡೋರೇ."

ಮೇಡಂ ನನ್ನ ಕಡೆ ತಿರುಗಿ, "ಪರೀಕ್ಷೆಗೂ ಓದ್ಕೋ" ಅಂದರು. ಆ ಓದ್ಕೋಗೂ ಈ ಓದ್ಕೋಗೂ ಎಷ್ಟು ವ್ಯತ್ಯಾಸ!

ರೇಡಿಯೋ ತಿಂಡಿ ಕೊಡಿಸು ಅಂತ ಬಾಗಿಲು ಬಡೀತಿದ್ದಾಳೆ, ಇಡೀ ಕಾರಿಡಾರಿಗೆ ಕೇಳೋ ಹಾಗೆ ಸುದ್ದಿ ಓದ್ತಾ. ಬಾಗಿಲು ಧಡ್ ಧಡ್ ಅಂತಿದೆ. ಅನ್ನಲಿ.

ಫೋನ್. ಅಪ್ಪ. ಹಲೋ ಅನ್ನೋಕೂ ಬಿಡಲ್ಲ, "ಏರ್ತಾ?" ಅಂತಾನೇ ಶುರು ಮಾಡ್ತಾರೆ ನೋಡು. ಹೇಳ್ತೀನಿ, ಅಪ್ಪಾ, ಇವತ್ತು ಎಷ್ಟಕ್ಕೆ ಅಂದ್ರೆ —